ಊರು ಬಂತು, ತೇರು ಉರುಳಿತು

ಕೂಡ್ಲಿಗಿಯಿಂದ ಹರಪನಹಳ್ಳಿಯ ಕಡೆಗೆ ಹೊರಟ ಬಸ್ಸಿನಲ್ಲಿ ತೂಕಡಿಸುತ್ತ ಕುಳಿತ ಪ್ರಯಾಣಿಕನನ್ನು ಕಂಡಕ್ಟರು ಎಬ್ಬಿಸುವುದು ಮೂರೇ ಮಾತಿನಲ್ಲಿ: ‘ಕೊಟ್ಟೂರು ಬಂತು, ಇಳೀರಿ.’ ಪ್ರಯಾಣಿಕ ಗಡಬಡಿಸಿ ಏಳುತ್ತಾನೆ, ಸೀಟಿನ ಕೆಳಗಿನ ಚೀಲ ಎಳೆದುಕೊಳ್ಳುತ್ತಾನೆ, ಇಳಿದು ಹೋಗುತ್ತಾನೆ. ಕೊಟ್ಟೂರೆಂಬ ಊರು ತನ್ನ ಗುಡಿ, ಪೇಟೆ, ಸಂತೆಗಳ ಸಮೇತ ಎದ್ದು ನಡೆದು ಬಸ್ಸಿನ ಬಾಗಿಲಿಗೆ ಬಂದಿತೆಂದು ಅವನು ತಿಳಿಯುವುದಿಲ್ಲ. ಹಾಗೆ ಹೇಳಿದ ಕಂಡಕ್ಟರನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ಮಾತು ಒಂದನ್ನು ಹೇಳಿತು, ಕೇಳಿದವನು ಇನ್ನೊಂದನ್ನು ಕಂಡ, ಇಬ್ಬರಿಗೂ ತೊಂದರೆಯಾಗಲಿಲ್ಲ.

ಇದೇ ಮಾತನ್ನು ಗಣಕಯಂತ್ರಕ್ಕೆ ಕೊಟ್ಟು, ‘ಇದರಲ್ಲಿರುವ ಚಲನೆಯನ್ನು ಪರದೆಯ ಮೇಲೆ ನಡೆಸಿ ತೋರಿಸು’ ಎಂದರೆ ಏನಾದೀತು? ವ್ಯಾಕರಣವನ್ನಷ್ಟೇ ಬಲ್ಲ ಯಂತ್ರವಾದರೆ ಬಸ್ಸನ್ನು ನಿಲ್ಲಿಸಿ ಊರನ್ನು ಓಡಿಸುತ್ತದೆ. ಇದು ನಗೆಚಾಟಿಕೆಯಂತೆ ಕಂಡರೂ, ಚಲನೆಯ ಮಾತನ್ನು ಓದಿ ಆ ಚಲನೆಯನ್ನೇ ಪರದೆಯ ಮೇಲೆ ನಡೆಸುವ ವಿದ್ಯೆಯನ್ನು ಗಣಕಕ್ಕೆ ಕಲಿಸಲು ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಮಿಕ್ಕಿ ಹೆಣಗಿದ್ದಾರೆ. ಸಿಮ್ಯುಲೇಶನ್ ಎಂದು ಕರೆಯಲಾಗುವ ಈ ಕೆಲಸ ಸಿನಿಮಾದ ಕಾರ್ಟೂನಿನಂತಲ್ಲ. ಕಾರ್ಟೂನಿನಲ್ಲಿ ಪ್ರತಿಯೊಂದು ಭಂಗಿಯನ್ನೂ ಕಲಾವಿದ ತೀರ್ಮಾನಿಸುತ್ತಾನೆ. ಇಲ್ಲಿ ವಸ್ತು ಎಲ್ಲಿದೆ, ಎತ್ತ ಮುಖ ಮಾಡಿದೆ, ಎಷ್ಟು ವೇಗದಲ್ಲಿದೆ, ಯಾವುದಕ್ಕೆ ತಗುಲಿತು ಎಂಬುದನ್ನು ಯಂತ್ರವೇ ಲೆಕ್ಕ ಹಾಕಿ ಕ್ಷಣಕ್ಷಣಕ್ಕೂ ಮುಂದುವರಿಸಬೇಕು. ತೊಡಕು ಇರುವುದು ಅಲ್ಲಿಯೇ. ಮಾತು ಹತ್ತರಲ್ಲಿ ಒಂಬತ್ತನ್ನು ಹೇಳದೆ ಬಿಟ್ಟರೂ ಮಾತಾಗಿಯೇ ಇರುತ್ತದೆ. ಚಿತ್ರಕ್ಕೆ ಆ ಸೌಲಭ್ಯವಿಲ್ಲ. ‘ಬಂದ’ ಎಂದರೆ ಮಾತಿಗೆ ಸಾಕು. ಎಡಗಾಲು ಮುಂದಿತ್ತೋ ಬಲಗಾಲು ಮುಂದಿತ್ತೋ ಎಂಬುದನ್ನು ಚಿತ್ರ ತೀರ್ಮಾನಿಸಲೇಬೇಕು. ಹೇಳದೆ ಉಳಿದದ್ದನ್ನು ಯಾರಾದರೂ ತುಂಬಬೇಕು. ಯಾರು, ಯಾವುದರಿಂದ ತುಂಬುತ್ತಾರೆ ಎಂಬುದೇ ಈ ವಿದ್ಯೆಯ ಇತಿಹಾಸದ ಮುಖ್ಯ ಪ್ರಶ್ನೆ.

ಆರಂಭದ ಹೆಸರುವಾಸಿ ಪ್ರಯೋಗ ನಡೆದದ್ದು ಅಮೆರಿಕದ ಎಂ.ಐ.ಟಿ.ಯಲ್ಲಿ, 1968ರಿಂದ 1970ರ ಅವಧಿಯಲ್ಲಿ. ಟೆರಿ ವಿನೊಗ್ರಾಡ್ ಎಂಬ ತರುಣ ಸಂಶೋಧಕ ರಚಿಸಿದ ಆ ಪ್ರೋಗ್ರಾಮಿನ ಹೆಸರು ‘ಶ್ರಡ್ಲು’. ಪತ್ರಿಕಾ ಓದುಗರಿಗೆ ಈ ಹೆಸರಿನ ಮೂಲ ಸ್ವಾರಸ್ಯವೆನಿಸೀತು. ಅಚ್ಚುಮೊಳೆಯ ಕಾಲದ ಲೈನೋಟೈಪ್ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿದ್ದರು; ಅದರ ಎರಡನೆಯ ಸಾಲಿನ ಆರು ಅಕ್ಷರಗಳೇ ಈ ಪದ. ಸಾಲು ಕೆಟ್ಟಾಗ ಕಂಪೋಸಿಟರು ಬೆರಳನ್ನು ಕೀಲಿಗಳ ಮೇಲೆ ಸರ್ರನೆ ಎಳೆದು ಅದನ್ನು ತುಂಬಿಬಿಡುತ್ತಿದ್ದರು. ತೆಗೆಯಲು ಮರೆತಾಗ ಆ ಅರ್ಥವಿಲ್ಲದ ಪದ ಪತ್ರಿಕೆಯಲ್ಲಿ ಅಚ್ಚಾಗಿಬಿಡುತ್ತಿತ್ತು.

ವಿನೊಗ್ರಾಡರ ಪ್ರೋಗ್ರಾಮಿಗೆ ಗೊತ್ತಿದ್ದ ಲೋಕವೆಂದರೆ ಒಂದು ಮೇಜು, ಅದರ ಮೇಲೆ ಬಣ್ಣಬಣ್ಣದ ದಿಮ್ಮಿಗಳು, ಗೋಪುರಾಕೃತಿಗಳು, ಒಂದು ಪೆಟ್ಟಿಗೆ, ಎತ್ತಿ ಇಡಲು ಒಂದು ಕೈ. ಎಲ್ಲವೂ ಪರದೆಯ ಮೇಲಿನ ಗೆರೆಗಳೇ. ಕೆಂಪು ದಿಮ್ಮಿಯನ್ನು ಎತ್ತೆಂದು ಟೈಪು ಮಾಡಿದರೆ, ಅದರ ಮೇಲೆ ಇನ್ನೊಂದು ಕುಳಿತಿದ್ದ ಪಕ್ಷದಲ್ಲಿ ಮೊದಲು ಅದನ್ನು ಪಕ್ಕಕ್ಕಿಟ್ಟು ಅನಂತರ ಕೆಂಪನ್ನು ಎತ್ತುತ್ತಿತ್ತು. ಹೇಳದ ಕೆಲಸವನ್ನು ತಾನಾಗಿ ತಿಳಿದು ಮಾಡಿದ್ದೇ ಅಂದಿನವರಿಗೆ ವಿಸ್ಮಯ. ಆದರೆ ಆ ವಿಸ್ಮಯ ಮೇಜಿನ ಅಂಚಿಗೇ ಮುಗಿಯುತ್ತಿತ್ತು. ಅಲ್ಲಿ ಗಾಳಿ ಇಲ್ಲ, ಇಳಿಜಾರಿಲ್ಲ, ಜಾತ್ರೆ ಇಲ್ಲ, ಜನರಿಲ್ಲ. ವಿನೊಗ್ರಾಡರೇ ಮುಂದೆ ಈ ದಾರಿಯನ್ನು ಬಿಟ್ಟರು. ಫರ್ನಾಂಡೊ ಫ್ಲೋರೆಸ್ ಜೊತೆಗೂಡಿ 1986ರಲ್ಲಿ ಬರೆದ ಪುಸ್ತಕದಲ್ಲಿ, ಯಂತ್ರ ಮಾತನ್ನು ‘ಅರ್ಥ ಮಾಡಿಕೊಳ್ಳುತ್ತದೆ’ ಎಂಬ ನಂಬಿಕೆಯನ್ನೇ ಅವರು ಪ್ರಶ್ನಿಸಿದರು.

ಮೇಜಿನ ಲೋಕದಿಂದ ನೆಲದ ಲೋಕಕ್ಕೆ ಇಳಿದರೆ ಏನೆಲ್ಲ ಎದುರಾಗುತ್ತದೆ ಎಂಬುದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಒಳ್ಳೆಯ ಪರೀಕ್ಷಾ ಸ್ಥಳ. ಈ ಊರುಗಳ ಇತಿಹಾಸವನ್ನು ಹೇಳಲು ಹೊರಟವರು ಚಲನೆಯ ಕ್ರಿಯಾಪದಗಳಿಲ್ಲದೆ ಒಂದು ಹೆಜ್ಜೆ ಇಡಲಾರರು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ‘ಬಂದವು’. ಅದೇ ದಿನ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ‘ಹೋದವು’. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ಅತ್ತ ‘ಸರಿಯಿತು’. 371ಜೆ ವಿಧಿಯ ಸವಲತ್ತುಗಳಿಗಾಗಿ ನಡೆದ ಬೇಡಿಕೆಯ ಫಲವಾಗಿ, 2018ರಲ್ಲಿ ಅದನ್ನು ಮತ್ತೆ ಬಳ್ಳಾರಿಗೆ ‘ತರುವ’ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಐದೂ ಅದರೊಳಗೆ ‘ಸೇರಿದವು’. ಇಷ್ಟೆಲ್ಲ ಹೋಗಿ ಬಂದರೂ ಹರಪನಹಳ್ಳಿಯ ಒಂದು ಕಲ್ಲೂ ಕದಲಲಿಲ್ಲ. ಕದಲಿದವರು ಜನ. ಪಹಣಿ, ಪಿಂಚಣಿ, ಪ್ರಮಾಣಪತ್ರ ಎಂದು ಒಮ್ಮೆ ದಾವಣಗೆರೆಯ ಬಸ್ಸು, ಇನ್ನೊಮ್ಮೆ ಬಳ್ಳಾರಿಯ ಬಸ್ಸು, ಮತ್ತೊಮ್ಮೆ ಹೊಸಪೇಟೆಯ ಬಸ್ಸು ಹತ್ತಿದವರು ಅವರೇ. ಮಾತಿನಲ್ಲಿ ಮಾತ್ರ ಓಡಾಡಿದ್ದು ಊರು.

ಅಮೆರಿಕದ ಭಾಷಾಶಾಸ್ತ್ರಜ್ಞ ಲಿಯೊನಾರ್ಡ್ ಟಾಲ್ಮಿ ಇಂಥ ಚಲನೆಗೆ ‘ಕಲ್ಪಿತ ಚಲನೆ’ ಎಂಬ ಅರ್ಥದ ಹೆಸರಿಟ್ಟು 1996ರಲ್ಲಿ ವಿವರವಾಗಿ ಚರ್ಚಿಸಿದರು. ‘ಈ ರಸ್ತೆ ಹಡಗಲಿಗೆ ಹೋಗುತ್ತದೆ’ ಎಂಬ ಮಾತಿನಲ್ಲಿ ಹೋಗುವುದು ರಸ್ತೆಯಲ್ಲ, ನೋಡುವವನ ಮನಸ್ಸು. ಇದಕ್ಕಿಂತ ಮೊದಲು, 1985ರಲ್ಲಿ, ಅವರು ಇನ್ನೊಂದು ಭೇದವನ್ನು ಎತ್ತಿ ತೋರಿಸಿದ್ದರು. ಚಲನೆಯಲ್ಲಿ ಎರಡು ಸಂಗತಿಗಳಿವೆ: ಯಾವ ದಾರಿ, ಯಾವ ರೀತಿ. ಇಂಗ್ಲಿಷ್ ರೀತಿಯನ್ನು ಮುಖ್ಯ ಕ್ರಿಯಾಪದದಲ್ಲಿ ಇಟ್ಟು ದಾರಿಯನ್ನು ಬಾಲದಂತೆ ಅಂಟಿಸುತ್ತದೆ. ಬೇರೆ ಹಲವು ಭಾಷೆಗಳು ದಾರಿಯನ್ನೇ ಮುಖ್ಯ ಕ್ರಿಯಾಪದವಾಗಿಸುತ್ತವೆ. ಕನ್ನಡದಲ್ಲಿ ‘ಓಡಿ ಬಂದ’, ‘ಈಜಿ ದಾಟಿದ’, ‘ತೆವಳಿ ಒಳಹೊಕ್ಕ’ ಎನ್ನುವಾಗ ಓಡುವುದು, ಈಜುವುದು, ತೆವಳುವುದು ಮೊದಲೇ ಬಂದು ಸರಿದು ನಿಲ್ಲುತ್ತವೆ. ವಾಕ್ಯದ ಭಾರ ಹೊರುವುದು ಬರುವುದು, ದಾಟುವುದು, ಹೊಗುವುದು. ರೀತಿ ಸಾಲದೆಂದು ಕಂಡರೆ ಕನ್ನಡಿಗ ಅನುಕರಣ ಶಬ್ದಗಳಿಗೆ ಕೈ ಹಾಕುತ್ತಾನೆ: ಸರಸರ, ಬಿರಬಿರ, ದಡದಡ. ಬಿರಬಿರನೆ ನಡೆಯುವವನ ಮುಖವೂ ಕೇಳುಗನಿಗೆ ಕಾಣುತ್ತದೆ, ಅವನು ಸಿಟ್ಟಾಗಿದ್ದಾನೆ. ಆ ಸಿಟ್ಟನ್ನು ಯಾವ ಅಂಕಿಯಿಂದ ಬರೆಯುವುದು?

‘ಹೋಗು’ ಎಂಬ ಒಂದು ಧಾತುವೇ ಯಂತ್ರವನ್ನು ದಿಕ್ಕೆಡಿಸಲು ಸಾಕು. ಕರೆಂಟು ಹೋಗುತ್ತದೆ, ಮಾನ ಹೋಗುತ್ತದೆ, ಕೆರೆ ಒಡೆದು ಹೋಗುತ್ತದೆ, ಹುಡುಗಿ ಓಡಿ ಹೋಗುತ್ತಾಳೆ. ಕೊನೆಯದರಲ್ಲಿ ಓಟ ಇರಲೇಬೇಕೆಂದಿಲ್ಲ, ಬಸ್ಸಿನ ಟಿಕೆಟ್ಟೂ ಇರಬಹುದು. ಮನೆಯಿಂದ ಹೊರಟವನು ‘ಹೋಗ್ತೀನಿ’ ಎಂದರೆ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ‘ಹೋಗಿ ಬರ್ತೀನಿ’ ಎನ್ನಬೇಕು. ಆ ‘ಬರ್ತೀನಿ’ಯನ್ನು ಅಕ್ಷರಶಃ ನಂಬಿದ ಯಂತ್ರ ಅವನನ್ನು ಅಂಗಳದಿಂದಲೇ ಹಿಂದಿರುಗಿಸಿ ತಂದು ನಿಲ್ಲಿಸೀತು. ‘ಏಳು ಗಂಟೆಯ ಬಸ್ಸಿಗೆ ಬಂದ’ ಎಂಬ ಮಾತಿನಲ್ಲಿ ಬಸ್ಸು ಸೇರುವ ಗುರಿಯಲ್ಲ, ಬಂದ ವಾಹನ. ಸಾಲದ್ದಕ್ಕೆ ಕನ್ನಡದ ‘ಇಂದ’ ಎಂಬ ಪ್ರತ್ಯಯ ಒಂದೇ ವಾಕ್ಯದಲ್ಲಿ ಎರಡು ವೇಷ ಹಾಕಬಲ್ಲದು: ‘ಗುಡಿಯಿಂದ ತೇರನ್ನು ಹಗ್ಗದಿಂದ ಎಳೆದರು.’ ಗುಡಿ ಹೊರಟ ಜಾಗ, ಹಗ್ಗ ಸಾಧನ. ಅದಲುಬದಲಾದರೆ ಪರದೆಯ ಮೇಲೆ ಗುಡಿಯನ್ನು ಕಟ್ಟಿ ತೇರು ಎಳೆಯುವ ವಿಪರೀತ ಕಾಣಿಸಿಕೊಳ್ಳುತ್ತದೆ.

ಇದು ಗಣಕ ಬಂದ ಮೇಲೆ ಹುಟ್ಟಿದ ತಲೆನೋವೆಂದು ತಿಳಿಯುವುದು ತಪ್ಪು. ಪಾಣಿನಿ ತನ್ನ ಅಷ್ಟಾಧ್ಯಾಯಿಯಲ್ಲಿ ‘ಅಪಾದಾನ’ ಎಂಬ ಕಾರಕವನ್ನು ವಿವರಿಸುವಾಗ ಹೇಳಿದ್ದರ ತಾತ್ಪರ್ಯ ಇಷ್ಟು: ಒಂದರಿಂದ ಇನ್ನೊಂದು ಅಗಲುವಾಗ ಯಾವುದು ಸ್ಥಿರವೋ ಅದೇ ಅಪಾದಾನ. ಮರದಿಂದ ಎಲೆ ಬಿತ್ತು; ಮರ ಸ್ಥಿರ, ಎಲೆ ಚರ. ಸರಿ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿಯ ಮಹಾಭಾಷ್ಯ ಇಲ್ಲೊಂದು ಆಕ್ಷೇಪವನ್ನು ಎತ್ತುತ್ತದೆ. ಬೆದರಿ ಓಡುವ ಕುದುರೆಯಿಂದ ಸವಾರ ಬಿದ್ದರೆ? ಹೋಗುತ್ತಿರುವ ರಥದಿಂದ ಬಿದ್ದರೆ? ಕುದುರೆ ಎಲ್ಲಿ ಸ್ಥಿರವಾಗಿದೆ? ಐದನೆಯ ಶತಮಾನದ ಭರ್ತೃಹರಿ ಈ ತೊಡಕನ್ನು ಇನ್ನೂ ಬಿಗಿಗೊಳಿಸಿ, ಡಿಕ್ಕಿ ಹೊಡೆದು ಒಂದರಿಂದೊಂದು ಹಿಂದೆ ಸರಿಯುವ ಎರಡು ಟಗರುಗಳನ್ನು ತಂದು ನಿಲ್ಲಿಸಿದ. ಎರಡೂ ಚರ, ಎರಡೂ ಅಪಾದಾನ! ವೈಯಾಕರಣರು ಕಂಡುಕೊಂಡ ಉತ್ತರ ಸೊಗಸಾಗಿದೆ. ಸ್ಥಿರತೆ ಎಂಬುದು ವಸ್ತುವಿನ ಗುಣವಲ್ಲ. ಮಾತು ಯಾವ ಕ್ರಿಯೆಯನ್ನು ಹೇಳುತ್ತಿದೆಯೋ ಆ ಕ್ರಿಯೆಯ ಮಟ್ಟಿಗೆ ಮಾತ್ರ ಸ್ಥಿರ. ಬೀಳುವಿಕೆಯ ಲೆಕ್ಕದಲ್ಲಿ ಕುದುರೆ ನಿಂತಿದೆ, ಓಟದ ಲೆಕ್ಕದಲ್ಲಿ ಓಡುತ್ತಿದೆ. ಇಂದು ಸಿಮ್ಯುಲೇಶನ್ ಬರೆಯುವ ಎಂಜಿನಿಯರು ಪ್ರತಿಯೊಂದು ವಸ್ತುವಿನ ಚಲನೆಯನ್ನು ಇನ್ನೊಂದಕ್ಕೆ ಸಾಪೇಕ್ಷವಾಗಿ ಅಳೆಯುವ ಚೌಕಟ್ಟನ್ನು ಕಟ್ಟುತ್ತಾನಲ್ಲ, ಅದರ ಮೂಲ ವಿಚಾರ ಇದೇ. ‘ಕೊಟ್ಟೂರು ಬಂತು’ ಎನ್ನುವ ಕಂಡಕ್ಟರೂ ಬಸ್ಸನ್ನೇ ಸ್ಥಿರವೆಂದು ಹಿಡಿದು ಮಾತನಾಡುತ್ತಾನೆ. ಪತಂಜಲಿಗೆ ಅದರಲ್ಲಿ ಅಚ್ಚರಿ ಕಾಣುತ್ತಿರಲಿಲ್ಲ.

ಈ ಪ್ರಶ್ನೆಯನ್ನು ಕಣ್ಣಾರೆ ಕಾಣಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಕಾರ್ಣಿಕ ನಡೆಯುತ್ತದೆ. ಎತ್ತರದ ಬಿಲ್ಲನ್ನು ಜನ ಹಿಡಿದು ನಿಲ್ಲಿಸುತ್ತಾರೆ. ಗೊರವಯ್ಯ ಅದನ್ನು ಏರಿ, ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲ ಅಡಗುತ್ತದೆ. ಒಂದೇ ಒಂದು ವಾಕ್ಯ ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಅವನು ಬಿಟ್ಟು ಬಿದ್ದ ಬಿಲ್ಲು ನೆಟ್ಟ ಕಂಬವಲ್ಲ, ಜನರ ಕೈಯಲ್ಲಿ ತೊನೆಯುವಂಥದು. ಆದರೂ ‘ಬಿಲ್ಲಿನಿಂದ ಬಿದ್ದ’ ಎನ್ನುವ ಮಾತಿಗೆ ಅದೇ ಸ್ಥಿರ ಬಿಂದು. ಬಿದ್ದನೋ, ಜಿಗಿದನೋ, ಧುಮುಕಿದನೋ? ಪ್ರತಿಯೊಂದೂ ಪರದೆಯ ಮೇಲೆ ಬೇರೆ ದೇಹ, ಬೇರೆ ಕೈಕಾಲು. ನುಡಿದ ವಾಕ್ಯದ ಸಂಗತಿ ಇನ್ನೂ ವಿಚಿತ್ರ. ಹೆಚ್ಚಿನ ವರ್ಷಗಳ ಕಾರ್ಣಿಕದ ನುಡಿ ಭೂತಕಾಲದ ರೂಪದಲ್ಲಿರುತ್ತದೆ. ಆಗಿಹೋಯಿತೆಂಬಂತೆ ನುಡಿದದ್ದನ್ನು ರೈತರು ಬರುವ ವರ್ಷದ ಮಳೆಬೆಳೆಯ ಮಾತೆಂದೇ ತಿಳಿದು ಚರ್ಚಿಸುತ್ತಾರೆ. ಕಾಲಸೂಚಕ ಪ್ರತ್ಯಯವನ್ನು ನಂಬಿ ಕುಳಿತ ಯಂತ್ರ ಅಲ್ಲಿ ಮಳೆ ಸುರಿಸಿ ಮುಗಿಸಿರುತ್ತದೆ.

ಕನ್ನಡ ವೈಯಾಕರಣರು ಚಲನೆಯ ಬಗ್ಗೆ ಏನು ಹೇಳಿದರು? ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿ ವಿಭಕ್ತಿಗೆ ಕೊಟ್ಟ ಪ್ರತ್ಯಯ ‘ಅತ್ತಣಿಂ’. ಅಂದರೆ ‘ಆ ಕಡೆಯಿಂದ’. ಹೊಸಗನ್ನಡದ ಶಾಲಾ ವ್ಯಾಕರಣಗಳಲ್ಲಿ ಅದೇ ‘ದೆಸೆಯಿಂದ’ ಎಂದಾಯಿತು. ಮಕ್ಕಳು ‘ಮರದ ದೆಸೆಯಿಂದ’ ಎಂದು ಬಾಯಿಪಾಠ ಮಾಡಿ, ಮೈದಾನಕ್ಕೆ ಹೋದೊಡನೆ ‘ಮರದಿಂದ ಬಿದ್ದೆ’ ಎನ್ನುತ್ತಾರೆ. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕ ಸರಿಹೊಂದಿಸಲು ಕನ್ನಡಕ್ಕೆ ಹೀಗೆ ಪಂಚಮಿಯನ್ನು ಹೊಂದಿಸಲಾಯಿತೆಂದು ಡಿ.ಎನ್. ಶಂಕರ ಭಟ್ಟರಂಥ ವಿದ್ವಾಂಸರು ವಾದಿಸಿದ್ದಾರೆ. ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ 2000ದಲ್ಲಿ ಪ್ರಕಟವಾದಾಗ ಎದ್ದ ಚರ್ಚೆ ಹಲವರಿಗೆ ನೆನಪಿರಬಹುದು. ವಾದದಲ್ಲಿ ಹುರುಳಿದೆ. ಆದರೂ, ಪ್ರತ್ಯಯ ಸಿಗದಾಗ ಕೇಶಿರಾಜನ ಕೈಗೆ ಸಿಕ್ಕಿದ್ದು ದಿಕ್ಕನ್ನು ಹೇಳುವ ಒಂದು ಮಾತು ಎಂಬುದು ಗಮನಿಸತಕ್ಕದ್ದು. ಅಗಲಿಕೆಯನ್ನು ಹೇಳಲು ‘ಎತ್ತಣಿಂದ’ ಎಂದು ತೋರಿಸಲೇಬೇಕೆಂದು ಅವನಿಗೂ ತೋರಿತ್ತು.

ಹಳೆಯ ವ್ಯಾಕರಣಕ್ಕೂ ಹೊಸ ಯಂತ್ರಕ್ಕೂ ಗಂಟು ಬಿದ್ದದ್ದು 1980ರ ದಶಕದಲ್ಲಿ. ರಿಕ್ ಬ್ರಿಗ್ಸ್ ಎಂಬ ಅಮೆರಿಕದ ಸಂಶೋಧಕ 1985ರಲ್ಲಿ ಬರೆದ ಲೇಖನವೊಂದರಲ್ಲಿ, ಸಂಸ್ಕೃತ ಶಾಸ್ತ್ರಕಾರರು ವಾಕ್ಯದ ಅರ್ಥವನ್ನು ಬಿಡಿಸುತ್ತಿದ್ದ ಕ್ರಮ ಗಣಕದಲ್ಲಿ ಜ್ಞಾನವನ್ನು ಅಳವಡಿಸುವ ಕ್ರಮಕ್ಕೆ ತೀರ ಹತ್ತಿರವೆಂದು ತೋರಿಸಿದರು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಈ ವಿಷಯಕ್ಕಾಗಿಯೇ ರಾಷ್ಟ್ರೀಯ ಸಮ್ಮೇಳನ ನಡೆದು ಪಂಡಿತರೂ ಎಂಜಿನಿಯರರೂ ಒಂದೆಡೆ ಕುಳಿತರು. ‘ಗಣಕಕ್ಕೆ ಸಂಸ್ಕೃತವೇ ತಕ್ಕ ಭಾಷೆ’ ಎಂಬ ಉತ್ಪ್ರೇಕ್ಷೆ ಹುಟ್ಟಿಕೊಂಡದ್ದು ಆ ಲೇಖನವನ್ನು ಓದದವರ ಬಾಯಲ್ಲಿ. ಅದು ಬೇರೆ ಮಾತು. ಗಟ್ಟಿಯಾದ ಕೆಲಸ ನಡೆದದ್ದು ಕಾನ್ಪುರದ ಐ.ಐ.ಟಿ.ಯಲ್ಲಿ. ವಿನೀತ ಚೈತನ್ಯ, ರಾಜೀವ ಸಂಗಲ್ ಮತ್ತು ಸಂಗಡಿಗರು ‘ಅಕ್ಷರ ಭಾರತಿ’ ಎಂಬ ಹೆಸರಿನಲ್ಲಿ ಕಾರಕ ಸಿದ್ಧಾಂತವನ್ನು ಆಧರಿಸಿ ‘ಅನುಸಾರಕ’ ಎಂಬ ತಂತ್ರಾಂಶವನ್ನು ಕಟ್ಟಿದರು. ಅವರು ಆರಂಭದಲ್ಲೇ ಕೈಗೆತ್ತಿಕೊಂಡ ಜೋಡಿ ಕನ್ನಡದಿಂದ ಹಿಂದಿ. ಅವರ ಇಂಗ್ಲಿಷ್ ಪುಸ್ತಕ 1995ರಲ್ಲಿ ಹೊರಬಂತು.

ಅನುಸಾರಕದ ಜಾಣತನ ಅದರ ವಿನಯದಲ್ಲಿತ್ತು. ಸಂದೇಹವಿದ್ದಲ್ಲಿ ಯಂತ್ರ ತೀರ್ಪು ಕೊಡಬಾರದು. ಕನ್ನಡದ ‘ಇಂದ’ವನ್ನು ಆದಷ್ಟು ಹಾಗೆಯೇ ಹಿಂದಿಗೆ ದಾಟಿಸಿ, ಅದು ಸಾಧನವೋ ಹೊರಟ ಜಾಗವೋ ಎಂಬ ನಿರ್ಣಯವನ್ನು ಓದುಗನಿಗೆ ಬಿಡಬೇಕು. ಹಿಂದಿ ಸ್ವಲ್ಪ ಕನ್ನಡದ ವಾಸನೆ ಹೊಡೆದರೂ ಚಿಂತೆಯಿಲ್ಲ. ಯಂತ್ರಕ್ಕೆ ಆಗುವುದನ್ನು ಯಂತ್ರ, ಮನುಷ್ಯನಿಗೆ ಆಗುವುದನ್ನು ಮನುಷ್ಯ. ಆದರೆ ಈ ಉಪಾಯ ಮಾತಿನಿಂದ ಮಾತಿಗೆ ಹೋಗುವಾಗ ಮಾತ್ರ ನಡೆಯುತ್ತದೆ. ಮಾತಿನಿಂದ ಚಿತ್ರಕ್ಕೆ ಹೋಗುವವನಿಗೆ ಆ ಬಾಗಿಲು ಮುಚ್ಚಿದೆ. ಹಗ್ಗವನ್ನು ಗುಡಿಯೂ ಆಗಿರಬಹುದಾದ ಹಗ್ಗವಾಗಿ ಬಿಡಿಸಲಾಗುವುದಿಲ್ಲ.

ಚಿತ್ರದ ಕಡೆಯಿಂದ ಬಂದವರು ಮೊದಲು ನೆನೆದದ್ದು ನೃತ್ಯವನ್ನು. ದೇಹದ ಪ್ರತಿಯೊಂದು ಚಲನೆಯನ್ನೂ ಸಂಗೀತದ ಸ್ವರಲಿಪಿಯಂತೆ ಬರೆದಿಡುವ ವಿಧಾನವನ್ನು ರುಡೋಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ್ದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನಾರ್ಮನ್ ಬ್ಯಾಡ್ಲರ್ 1979ರಲ್ಲಿ ಸ್ಟೀಫನ್ ಸ್ಮೋಲಿಯರ್ ಜೊತೆ ಈ ಲಿಪಿಯನ್ನು ಗಣಕಕ್ಕೆ ಒಗ್ಗಿಸುವ ಬಗೆಯನ್ನು ಚರ್ಚಿಸಿದರು. ಮುಂದೆ ಅವರ ತಂಡ ‘ಜ್ಯಾಕ್’ ಎಂಬ ಪರದೆಯ ಮನುಷ್ಯನನ್ನು ಸೃಷ್ಟಿಸಿ, ಬರಹದ ಸೂಚನೆಗಳಂತೆ ಅವನನ್ನು ನಡೆಸಲು ಯತ್ನಿಸಿತು. ‘ಬಾಗಿಲು ತೆಗೆ’ ಎಂದರೆ ಹತ್ತಿರ ಹೋಗಬೇಕು, ಕೈಯಲ್ಲಿ ಹಿಡಿದದ್ದನ್ನು ಇಡಬೇಕು, ಬಾಗಿಲು ತನ್ನ ಕಡೆ ತೆರೆದರೆ ಹಿಂದೆ ಸರಿಯಬೇಕು. ಒಂದು ಸಣ್ಣ ಸೂಚನೆಯ ಹೊಟ್ಟೆಯಲ್ಲಿ ಇಷ್ಟು ಅಡಗಿರುತ್ತದೆ. ಇದನ್ನೆಲ್ಲ ನಿಯಮಗಳಾಗಿ ಬರೆದು ಮುಗಿಸುವುದು ಸಾಧ್ಯವೇ ಎಂಬ ಸಂದೇಹ ಬೆಳೆಯುತ್ತ ಹೋಯಿತು.

ಈಗಿನ ದಾರಿ ಬೇರೆ. ನಿಯಮ ಬರೆಯುವುದರ ಬದಲು ಉದಾಹರಣೆಗಳನ್ನು ರಾಶಿ ಹಾಕಿ ಯಂತ್ರ ತಾನೇ ಕಲಿಯುವಂತೆ ಮಾಡುತ್ತಾರೆ. ಜರ್ಮನಿಯ ಕಾರ್ಲ್ಸ್‌ರೂಹೆಯ ತಂತ್ರಜ್ಞಾನ ಸಂಸ್ಥೆ 2016ರಲ್ಲಿ ಹೊರತಂದ ಸಂಗ್ರಹದಲ್ಲಿ ಮನುಷ್ಯರಿಂದ ಮಾಡಿಸಿ ದಾಖಲಿಸಿದ 3,911 ಚಲನೆಗಳೂ ಅವುಗಳ 6,278 ವಿವರಣೆಗಳೂ ಇದ್ದವು. 2022ರಲ್ಲಿ ಬಂದ ‘ಹ್ಯೂಮನ್ಎಂಎಲ್3ಡಿ’ಯಲ್ಲಿ 14,616 ಚಲನೆಗಳು, 44,970 ವಿವರಣೆಗಳು. ಇಂಥವುಗಳಿಂದ ಕಲಿತ ಪ್ರೋಗ್ರಾಮುಗಳು ಇಂದು ಒಂದು ವಾಕ್ಯ ಕೊಟ್ಟರೆ ನಡೆಯುವ, ಒದೆಯುವ, ಕುಣಿಯುವ ದೇಹವನ್ನು ಕ್ಷಣಗಳಲ್ಲಿ ತೋರಿಸುತ್ತವೆ. ಎರಡೂ ಸಂಗ್ರಹಗಳ ವಿವರಣೆಗಳು ಇಂಗ್ಲಿಷಿನವು. ಹೇಳದೆ ಉಳಿದದ್ದನ್ನು ಈಗ ತುಂಬುವುದು ಇವೇ. ಕರಿಯ ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ಇಟ್ಟು, ಡಮರು ನುಡಿಸುತ್ತ, ಮೈಲಾರಲಿಂಗನ ನಾಯಿಯೆಂದು ಬೊಗಳುತ್ತ ಕುಣಿಯುವ ಗೊರವನನ್ನು ಕುರಿತು ‘ಗೊರವಯ್ಯ ಕುಣಿದ’ ಎಂದರೆ, ಆ ವಾಕ್ಯ ಮೊದಲು ಇಂಗ್ಲಿಷಿಗೆ ತಿರುಗಿ ‘ಒಬ್ಬ ವ್ಯಕ್ತಿ ನರ್ತಿಸುತ್ತಾನೆ’ ಎಂದಾಗುತ್ತದೆ. ಪರದೆಯ ಮೇಲೆ ಬರುವುದು ಪರದೇಶದ ಸ್ಟುಡಿಯೊದಲ್ಲಿ ಯಾರೋ ಹಾಕಿದ ಹೆಜ್ಜೆ.

ಕುಣಿತ ತಪ್ಪಿದರೆ ಹಾನಿ ಅಷ್ಟಕ್ಕಷ್ಟೆ. ಅಪಘಾತದ ಮಾತು ತಪ್ಪಿದರೆ ಹಾಗಲ್ಲ. ‘ಕಾರ್‌ಸಿಮ್’ ಎಂಬ ಪ್ರೋಗ್ರಾಮು 2001ರ ಸುಮಾರಿಗೆ ರೂಪುಗೊಂಡದ್ದು ಇದೇ ಕೆಲಸಕ್ಕೆ. ಪಿಯರ್ ನೂಗ್ ಮತ್ತು ಸಂಗಡಿಗರು ಫ್ರಾನ್ಸಿನ ವಿಮಾ ಕಂಪನಿಯೊಂದಕ್ಕೆ ವಾಹನ ಚಾಲಕರು ಬರೆದುಕೊಟ್ಟ ಅಪಘಾತದ ಹೇಳಿಕೆಗಳನ್ನು ಗಣಕಕ್ಕೆ ಓದಿಸಿ, ಡಿಕ್ಕಿಯನ್ನು ಮೂರು ಆಯಾಮಗಳಲ್ಲಿ ಮರುನಡೆಸಿದರು. ಅನಂತರ ಸ್ವೀಡನ್ನಿನ ಪತ್ರಿಕಾ ವರದಿಗಳನ್ನೂ ಹಾಗೆಯೇ ಬಳಸಿದರು. ಹೇಳಿಕೆಗಳಲ್ಲಿ ರಸ್ತೆಯ ತಿರುವು, ವೇಗ, ಅಂತರ ಇವೆಲ್ಲ ಇರುವುದೇ ಅಪರೂಪ; ಪ್ರೋಗ್ರಾಮು ಊಹಿಸಿ ತುಂಬಬೇಕಾಗುತ್ತಿತ್ತು.

ಕನ್ನಡದ ಹೇಳಿಕೆಗಳಿಗೆ ಈ ವಿದ್ಯೆ ಬಂದರೆ ಅದು ಮೊದಲು ಮುಗ್ಗರಿಸುವುದು ಠಾಣೆಯ ಭಾಷೆಯಲ್ಲಿ. ಕೂಡ್ಲಿಗಿಯ ಮೂಲಕ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯೇ ಆಗಲಿ, ಕೊಟ್ಟೂರು–ಹರಪನಹಳ್ಳಿ ರಸ್ತೆಯೇ ಆಗಲಿ, ಡಿಕ್ಕಿಯ ದೂರುಗಳಲ್ಲಿ ಒಂದು ಸಿದ್ಧ ಮಾತು ತಪ್ಪುವುದಿಲ್ಲ: ‘ಅತಿವೇಗ ಮತ್ತು ಅಜಾಗರೂಕತೆಯಿಂದ’. 1860ರ ದಂಡ ಸಂಹಿತೆಯ 279ನೇ ಕಲಮಿನಿಂದ ಇಳಿದು ಬಂದ ಈ ಮಾತು, 2024ರ ಜುಲೈ 1ರಿಂದ ಕಲಮಿನ ಸಂಖ್ಯೆ ನ್ಯಾಯ ಸಂಹಿತೆಯ 281 ಎಂದಾದರೂ, ಬದಲಾಗಿಲ್ಲ. ಇದು ವೇಗವನ್ನು ಹೇಳುವ ಮಾತಲ್ಲ. ಕಾನೂನಿನ ಬಾಗಿಲು ತೆರೆಯುವ ಮಾತು. ಯಂತ್ರ ಅದನ್ನು ವೇಗವೆಂದೇ ಓದಿ, ಎತ್ತಿನ ಬಂಡಿಗೆ ಹಿಂದಿನಿಂದ ತಗುಲಿದ ಟ್ರ್ಯಾಕ್ಟರನ್ನೂ ಗಂಟೆಗೆ ನೂರು ಕಿಲೋಮೀಟರು ಓಡಿಸೀತು. ನಿಜವಾದ ಚಲನೆ ಇರುವುದು ಸಾಕ್ಷಿಯ ಮಾತಿನಲ್ಲಿ: ಮೂಡಲ ಕಡೆಯಿಂದ ಬಂತು, ಗಕ್ಕನೆ ಹೊರಳಿತು, ಇವನು ದಡಕ್ಕನೆ ಬಿದ್ದ. ಠಾಣೆಯಲ್ಲಿ ಅದನ್ನು ಬರೆದುಕೊಳ್ಳುವವರು ‘ಪೂರ್ವ ದಿಕ್ಕಿನಿಂದ’ ಎಂದು ತಿದ್ದಿ, ಗಕ್ಕನೆ, ದಡಕ್ಕನೆಗಳನ್ನು ಬಿಟ್ಟು, ಸಿದ್ಧ ಮಾತನ್ನು ಸೇರಿಸುತ್ತಾರೆ. ಸ್ಥಳ ಪಂಚನಾಮೆಯ ಜೊತೆಗೆ ಪೇದೆ ಕೈಯಲ್ಲಿ ಬರೆಯುವ ನಕ್ಷೆ ಇದೆಯಲ್ಲ, ಎರಡು ಗೆರೆ ಎಳೆದು ರಸ್ತೆ, ಒಂದು ಗುಣಾಕಾರ ಚಿಹ್ನೆ ಹಾಕಿ ಡಿಕ್ಕಿಯ ಜಾಗ, ಅದೂ ಮಾತನ್ನು ಚಿತ್ರವಾಗಿಸುವ ಹಳೆಯ ವಿದ್ಯೆಯೇ. ಬಿದ್ದವನ ಮನೆಯವರಿಗೆ ಪರಿಹಾರ ಸಿಗುವುದು, ಬಿಡುವುದು ಎಷ್ಟೋ ಸಲ ಆ ಗುಣಾಕಾರ ಚಿಹ್ನೆ ಗೆರೆಯ ಯಾವ ಪಕ್ಕದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ಆದರೆ ಪೇದೆ ಆ ಜಾಗದಲ್ಲಿ ನಿಂತು, ಟೇಪು ಹಿಡಿದು, ಸುತ್ತ ನಿಂತವರನ್ನು ಕೇಳಿ ಬರೆದಿರುತ್ತಾನೆ. ಸಂದೇಹ ಬಂದರೆ ನ್ಯಾಯಾಲಯ ಅವನನ್ನು ಕರೆಸಿ ಪ್ರಶ್ನಿಸಬಹುದು. ಉದಾಹರಣೆಗಳ ರಾಶಿಯಿಂದ ಕಲಿತ ಯಂತ್ರ ಆ ವೇಗವನ್ನು, ಆ ತಿರುವನ್ನು ಎಲ್ಲಿಂದ ತಂದಿತೆಂದು ಕೇಳಿದರೆ, ಅದನ್ನು ಕಟ್ಟಿದವರೂ ಬೆರಳಿಟ್ಟು ತೋರಿಸಲಾರರು.

ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ತೇರಿಗೆ ದಾವಣಗೆರೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. 2017ರ ಫೆಬ್ರುವರಿಯಲ್ಲಿ ರಥೋತ್ಸವದ ಹೊತ್ತಿಗೆ ಆ ತೇರು ಉರುಳಿ ಹಲವರು ಗಾಯಗೊಂಡರು. ಇಂಥ ಹೊತ್ತಿನಲ್ಲಿ ನೋಡಿದವರ ಬಾಯಿಂದ ಬರುವ ಮಾತುಗಳನ್ನು ಗಮನಿಸಬೇಕು: ತೇರು ವಾಲಿತು, ಒರಗಿತು, ಕುಸಿಯಿತು, ಮಗುಚಿತು, ಉರುಳಿತು. ಒಂದೊಂದೂ ಬೇರೆ. ವಾಲಿದ್ದು ಇನ್ನೂ ನಿಂತಿದೆ. ಒರಗಿದ್ದಕ್ಕೆ ಏನೋ ಆಸರೆ ಸಿಕ್ಕಿದೆ. ಕುಸಿದದ್ದು ಇದ್ದಲ್ಲೇ ಕೆಳಗಿಳಿದಿದೆ. ಮಗುಚಿದ್ದರ ತಲೆ ಕೆಳಗಾಗಿದೆ. ಉರುಳಿದ್ದು? ಇಲ್ಲಿ ಕನ್ನಡ ಒಂದು ಪದದಲ್ಲಿ ಎರಡು ಚಲನೆಗಳನ್ನು ಕಟ್ಟಿಟ್ಟಿದೆ. ಗಾಲಿ ಉರುಳುವುದೂ ಉರುಳುವುದೇ, ಗೋಡೆ ಉರುಳುವುದೂ ಉರುಳುವುದೇ. ‘ತೇರು ಉರುಳಿತು’ ಎಂಬ ವಾಕ್ಯ ಕೇಳಿದ ಆ ಸೀಮೆಯ ಯಾರಿಗಾದರೂ ಯಾವುದೆಂದು ತಕ್ಷಣ ತಿಳಿಯುತ್ತದೆ. ಹೇಳಿದವನ ದನಿಯಿಂದ, ಅಂದಿನ ಸುದ್ದಿಯಿಂದ, ತಮ್ಮವರು ಹಗ್ಗದ ಯಾವ ಕಡೆ ನಿಂತಿದ್ದರೆಂಬ ಆತಂಕದಿಂದ. ಇವಾವುದೂ ವಾಕ್ಯದಲ್ಲಿಲ್ಲ. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಯಂತ್ರ ಎರಡರಲ್ಲಿ ಒಂದು ಪದವನ್ನು ಹೆಕ್ಕಿಕೊಳ್ಳಬೇಕು. ಮೊದಲನೆಯದನ್ನು ಹೆಕ್ಕಿದರೆ ಪರದೆಯ ಮೇಲೆ ಹೂಮಾಲೆ, ಬಾವುಟಗಳೊಡನೆ ತೇರು ನೆಟ್ಟಗೆ ಮುಂದೆ ಸಾಗುತ್ತದೆ, ಜನ ಬಾಳೆಹಣ್ಣು ಎಸೆಯುತ್ತಾರೆ. ಎರಡನೆಯದನ್ನು ಹೆಕ್ಕಿದರೆ ಅದೇ ತೇರು ಅದೇ ಜನರ ನಡುವೆ ಪಕ್ಕಕ್ಕೆ ಬಿದ್ದಿರುತ್ತದೆ.